ಮುತ್ತುಗದ ಬಣ್ಣ, ಸುರಗಿಯ ಕಂಪು

ಹದಿನೆಂಟು ವರ್ಣನೆಗಳು ಕೂಡಿದಲ್ಲದೆ ಕಾವ್ಯವು ಮಹಾಕಾವ್ಯವೆನಿಸದೆಂದು ನಮ್ಮ ಲಾಕ್ಷಣಿಕರು ವಿಧಿಸಿದ್ದಾರೆ. ಅವುಗಳಲ್ಲಿ ಋತುವರ್ಣನೆಯೂ ಒಂದು; ಋತುಗಳಲ್ಲಿ ವಸಂತನೇ ರಾಜನು. ಚೈತ್ರ ವೈಶಾಖಗಳು ಅವನ ಮಾಸಗಳು, ಮಲಯಾನಿಲ ಅವನ ರಥ, ಕೋಗಿಲೆ ಅವನ ವಂದಿಮಾಗಧ. ಇವೆಲ್ಲ ಕವಿಸಮಯಗಳು. ಮೂವತ್ತು ವರ್ಷಗಳಿಂದ ಇವನ್ನೇ ಪಾಠ ಹೇಳುತ್ತ ಬಂದಿರುವ ನನಗೆ ಇವುಗಳಲ್ಲಿ ಅನಾದರವಿಲ್ಲ. ಆದರೆ ನಮ್ಮ ಶಿಕಾರಿಪುರ ಸೊರಬಗಳ ಸೀಮೆಯಲ್ಲಿ ವಸಂತನು ಪಂಚಾಂಗವನ್ನು ನೋಡಿಕೊಂಡು ಬರುವವನಲ್ಲ. ಮಾಘಮಾಸದ ಚಳಿ ಇನ್ನೂ ಹಿಂಜರಿಯುತ್ತಿರುವಾಗಲೇ, ಎಲೆಗಳನ್ನೆಲ್ಲ ಉದುರಿಸಿ ಬರಿಗೊಂಬೆಯಾಗಿ ನಿಂತ ಮುತ್ತುಗದ ಮರಗಳು ಕೆಂಡದ ರಾಶಿಯಂತೆ ಹೂತು ನಿಲ್ಲುತ್ತವೆ. ಶಿವರಾತ್ರಿಯ ಹೊತ್ತಿಗೆ ಆ ವೈಭವ ಪೂರ್ಣವಾಗಿರುತ್ತದೆ. ಯುಗಾದಿಯಂದು ನಾವು ಬೇವುಬೆಲ್ಲ ಹಂಚಿಕೊಂಡು ವಸಂತನನ್ನು ಸ್ವಾಗತಿಸುವಾಗ ಈ ಹೂವುಗಳಲ್ಲಿ ಹೆಚ್ಚಿನವು ನೆಲದ ಮೇಲಿರುತ್ತವೆ.

ಈ ಸಂಚಿಕೆಗೆ ಲೇಖನ ಬರೆಯಬೇಕೆಂದು ಸಂಪಾದಕ ಮಂಡಳಿಯವರು ಆಜ್ಞಾಪಿಸಿದಾಗ ನನ್ನ ಮುಂದಿದ್ದುದು ಜಪಾನಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ಕಳುಹಿಸಿದ ಚಿತ್ರಗಳು. ಸಕುರಾ ಎಂದು ಅಲ್ಲಿಯವರು ಕರೆಯುವ ಚೆರಿಮರಗಳು ಹೂತಿವೆ; ಅವುಗಳ ಕೆಳಗೆ ಚಾಪೆ ಹಾಸಿಕೊಂಡು ಮಕ್ಕಳು ಮುದುಕರೆಲ್ಲ ಬುತ್ತಿ ಬಿಚ್ಚಿ ಕುಳಿತಿದ್ದಾರೆ. ಆ ಆಚರಣೆಗೆ ಹನಾಮಿ ಎಂದು ಹೆಸರಂತೆ. ಹೂವನ್ನು ನೋಡುವುದು ಎಂದಷ್ಟೇ ಅದರ ಅರ್ಥ. ಕ್ಯೋಟೋ ನಗರದಲ್ಲಿ ಈ ಮರಗಳು ಹೂಬಿಟ್ಟ ದಿನಗಳ ಉಲ್ಲೇಖಗಳು ಕ್ರಿ.ಶ. 812ರಿಂದ ದೊರೆಯುತ್ತವೆ. ಅರಸುಮನೆಯವರ, ಸಂನ್ಯಾಸಿಗಳ ದಿನಚರಿಗಳನ್ನು ಶೋಧಿಸಿ ವಿದ್ವಾಂಸರು ಅವನ್ನು ಕ್ರೋಡೀಕರಿಸಿದ್ದಾರೆ. 2021ರಲ್ಲಿ ಮಾರ್ಚಿ 26ಕ್ಕೇ ಹೂವು ತುಂಬಿ ಬಂದುದು, ಆ ಸಾವಿರದ ಇನ್ನೂರು ವರ್ಷಗಳ ಲೆಕ್ಕದಲ್ಲಿ ಅದುವರೆಗಿನ ಅತಿ ಮುಂಚಿನ ದಿನವೆಂದು ಜಗತ್ತೆಲ್ಲ ಮಾತಾಡಿತು; ಭೂಮಿಯ ತಾಪವೇರುತ್ತಿರುವುದಕ್ಕೆ ಅದೂ ಒಂದು ಸಾಕ್ಷಿಯಾಯಿತು. ಹೂವರಳಿದ ದಿನವನ್ನು ಬರೆದಿಡುವ ಜನರನ್ನು ಕುರಿತು ನನಗೆ ಗೌರವವುಂಟಾಯಿತು. ಸ್ವಲ್ಪ ಮತ್ಸರವೂ ಆಯಿತೆನ್ನಬೇಕು. ಬೆಂಗಳೂರಿನವರು ತಮ್ಮ ಬೀದಿಗಳ ನಸುಗೆಂಪಿನ ಟಬೆಬುಯಾ ಹೂಗಳನ್ನು ನಮ್ಮ ಸಕುರಾ ಎಂದು ಕೊಂಡಾಡುತ್ತಾರೆ. ಅದು ಅಮೆರಿಕಾ ಖಂಡದಿಂದ ಬಂದ ಮರ, ಚೆಲುವಾದುದೇ. ಆದರೆ ಮುತ್ತುಗವನ್ನು ಮನೆಯಂಗಳದಲ್ಲಿಟ್ಟುಕೊಂಡ ನಾವು ಹೋಲಿಕೆಗಾಗಿ ಅಷ್ಟು ದೂರ ಹೋಗಬೇಕಾಗಿಲ್ಲ.

ಈ ಮರಕ್ಕೆ ಸಂಸ್ಕೃತದಲ್ಲಿ ಪಲಾಶವೆಂದೂ ಕಿಂಶುಕವೆಂದೂ ಹೆಸರು. ಕಿಂ ಶುಕಃ, ಇದೇನು ಗಿಳಿಯೋ, ಎಂದು ಪದವನ್ನು ಬಿಡಿಸುವುದುಂಟು. ಬಾಗಿದ ಕೆಂಪು ದಳವು ಗಿಳಿಯ ಕೊಕ್ಕನ್ನೇ ಹೋಲುತ್ತದೆ. ಕಾಳಿದಾಸನು ಕುಮಾರಸಂಭವದ ಮೂರನೆಯ ಸರ್ಗದಲ್ಲಿ ಇದರ ಮೊಗ್ಗುಗಳನ್ನು ಎಳೆಯ ಚಂದ್ರನಂತೆ ವಕ್ರವಾದವೆಂದು ವರ್ಣಿಸಿದ್ದಾನೆ. ಅದೇ ಶ್ಲೋಕದ ಉತ್ತರಾರ್ಧವನ್ನು ಒಂಬತ್ತನೆಯ ತರಗತಿಯಲ್ಲಿ ವಿವರಿಸುವಂತಿಲ್ಲ, ಬಲ್ಲವರು ಬಲ್ಲರು.

ಪಠ್ಯಪುಸ್ತಕದ ಕೊನೆಯಲ್ಲಿ ಕಠಿಣ ಪದಗಳಿಗೆ ಅರ್ಥ ಕೊಡುವ ಪದ್ಧತಿಯುಂಟಷ್ಟೆ. ಅಲ್ಲಿ ಪಾದರಿ ಎಂದರೆ ಒಂದು ಜಾತಿಯ ಮರ, ಸುರಹೊನ್ನೆ ಎಂದರೆ ಒಂದು ಬಗೆಯ ಹೂ, ಕಿಂಶುಕವೆಂದರೂ ಒಂದು ಜಾತಿಯ ಮರ. ಪರೀಕ್ಷೆಯಲ್ಲಿ ಅಷ್ಟು ಬರೆದರೆ ಅಂಕ ದೊರೆಯುತ್ತದೆ. ನನ್ನ ಗುರುಗಳು ಹಳೆಯ ಕ್ರಮದವರು. ಅನ್ವಯ, ಪ್ರತಿಪದಾರ್ಥ, ತಾತ್ಪರ್ಯ ಮುಗಿದ ಮೇಲೆ, "ಎದ್ದೇಳಿ, ಪದಾರ್ಥವನ್ನು ನೋಡಿ ಬರೋಣ" ಎಂದು ನಮ್ಮನ್ನು ಕೆರೆಯ ಏರಿಯ ಮೇಲೆ ಕರೆದೊಯ್ಯುತ್ತಿದ್ದರು. ಪದದ ಅರ್ಥವೇ ಪದಾರ್ಥ. ಅದು ಮರವಾಗಿ ಎದುರಿಗೇ ನಿಂತಿರುತ್ತಿತ್ತು. ಅವರ ಆ ಪದ್ಧತಿಯನ್ನು ನಾನೂ ಉಳಿಸಿಕೊಂಡಿದ್ದೇನೆ. ಪ್ರತಿವರ್ಷವೂ ಮಾಘದ ಒಂದು ಶನಿವಾರ, ಬೆಳಗಿನ ಶಾಲೆ ಬಿಟ್ಟ ಮೇಲೆ, ಒಂಬತ್ತನೆಯ ತರಗತಿಯವರೊಡನೆ ಶಾಲೆಯ ಹಿಂಬದಿಯ ಮುತ್ತುಗದ ಮರಗಳಡಿಗೆ ಹೋಗುತ್ತೇನೆ.

ಕೆಲವು ವರ್ಷಗಳ ಹಿಂದೆ ಹೀಗೆ ಹೋಗಿದ್ದಾಗ ಕಿಂಶುಕವನ್ನು ಕುರಿತ ಪ್ರಸಿದ್ಧ ನೀತಿಶ್ಲೋಕವನ್ನು ಹೇಳಿದೆನು. ರೂಪವಿದ್ದು, ಯೌವನವಿದ್ದು, ಕುಲವಿದ್ದರೂ ವಿದ್ಯೆಯಿಲ್ಲದವರು ಕಂಪಿಲ್ಲದ ಮುತ್ತುಗದ ಹೂವಿನಂತೆ ಶೋಭಿಸರೆಂಬುದು ಅದರ ಭಾವ. ಮಕ್ಕಳು ಬರೆದುಕೊಂಡರು. ಒಬ್ಬಳು ಹುಡುಗಿ ಮಾತ್ರ ಬರೆಯದೆ ಮೇಲೆ ನೋಡುತ್ತ ನಿಂತಿದ್ದಳು. ಆಮೇಲೆ ಮೆಲ್ಲಗೆ, "ಸರ್, ನಮ್ಮವ್ವ ಓದಿಲ್ಲ. ಈ ಮರದ ಎಲೆ ಹಚ್ಚಿಯೇ ನನ್ನ ಓದಿಸ್ತಾಳೆ. ಇದಕ್ಕೆ ಹಂಗ್ಯಾಕೆ ಅಂದ್ರು?" ಎಂದಳು. ಯಾರೂ ನಗಲಿಲ್ಲ. ಅವಳೇ ಮತ್ತೆ, "ವಾಸನೆ ಇಲ್ದಿದ್ರೆ ಇಷ್ಟೊಂದು ಹಕ್ಕಿ ಯಾಕೆ ಬರ್ತಾವೆ ಸರ್?" ಎಂದು ಕೇಳಿದಳು.

ಆಗ ನಾವೆಲ್ಲರೂ ಮೇಲೆ ನೋಡಿದೆವು. ಗಿಳಿಗಳು, ಗೊರವಂಕಗಳು, ಕಾಜಾಣಗಳು, ಹೆಬ್ಬೆರಳಿನಷ್ಟಿರುವ ಸೂರಕ್ಕಿಗಳು ಕೊಂಬೆಕೊಂಬೆಯಲ್ಲಿ ಸಂತೆ ನೆರೆದಿದ್ದವು. ಸೋಮವಾರ ನಮ್ಮ ವಿಜ್ಞಾನದ ಅಧ್ಯಾಪಕರು ತರಗತಿಗೆ ಒಂದು ಹೂವನ್ನು ತಂದು ಬಿಡಿಸಿ ತೋರಿಸಿದರು. ಇದು ಹಕ್ಕಿಗಳಿಗೆಂದೇ ಆದ ಹೂವು. ಇಂತಹ ಹಕ್ಕಿಗಳು ಹೂವನ್ನರಸುವುದು ಮೂಗಿನಿಂದಲ್ಲ, ಕಣ್ಣಿನಿಂದ. ಹೂವಿನ ಬುಡದಲ್ಲಿ ಮಕರಂದವಿದೆ. ಅದಕ್ಕಾಗಿ ಕೊಕ್ಕನ್ನು ತೂರಿಸಿದಾಗ ಪರಾಗವು ಹಕ್ಕಿಯ ತಲೆಗೆ ಅಂಟಿ ಮುಂದಿನ ಮರವನ್ನು ಸೇರುತ್ತದೆ. ಎಲೆಗಳೆಲ್ಲ ಉದುರಿರುವುದರಿಂದ ಬಣ್ಣವು ದೂರದಿಂದಲೇ ಕಾಣುತ್ತದೆ. ಇಂಥದಕ್ಕೆ ಕಂಪು ಅನಾವಶ್ಯಕ. ಆ ಶ್ಲೋಕವನ್ನು ನಾನು ಈಗಲೂ ಹೇಳುತ್ತೇನೆ. ಉಪಮಾಲಂಕಾರಕ್ಕೆ ಅದರಂಥ ನಿದರ್ಶನ ಸುಲಭವಾಗಿ ದೊರೆಯದು. ಅದರ ಜೊತೆಗೆ ಆ ಹುಡುಗಿಯ ಪ್ರಶ್ನೆಯನ್ನೂ ಹೇಳುತ್ತೇನೆ. ಅವಳು ಈಗ ದಾದಿಯ ತರಬೇತಿಯಲ್ಲಿದ್ದಾಳೆ.

ಎಲೆಯ ಮಾತು ಬಂದಿತು. ಉಚಿತ ಪ್ರಸಾದನಿಲಯದಲ್ಲಿ ಬೆಳೆದ ಹಳೆಯ ವಿದ್ಯಾರ್ಥಿಗಳಿಗೆ ಅದನ್ನು ನೆನಪಿಸಬೇಕಾಗಿಲ್ಲ. ಹೂವಿನ ಬೆನ್ನಿಗೆ ಮೂರು ಮೂರಾಗಿ ಮೂಡುವ ಎಲೆಗಳು ಬಲಿತ ಮೇಲೆ ಅವನ್ನು ಕೊಯ್ದು, ನೆರಳಿನಲ್ಲಿ ಬಾಡಿಸಿ, ಕಲ್ಲು ಹೇರಿ ಚಪ್ಪಟೆ ಮಾಡಿ, ಬಿದಿರಿನ ಸಣ್ಣ ಕಡ್ಡಿಗಳಿಂದ ಹಚ್ಚಿ ಊಟದ ಎಲೆಯಾಗಿಸುತ್ತಿದ್ದೆವು. ದಾಸೋಹದ ದಿನ ನೀರು ಚಿಮುಕಿಸಿ ಹಾಸಿದರೆ ಒಂದು ಹಿತವಾದ ಹಸಿರು ವಾಸನೆ ಏಳುತ್ತಿತ್ತು. ಬಿಸಿ ಅನ್ನ ಬಿದ್ದೊಡನೆ ಅದು ಇಮ್ಮಡಿಯಾಗುತ್ತಿತ್ತು. ಈಗ ಹೆಚ್ಚಿನ ಕಡೆ ಕಾಗದದ ತಟ್ಟೆಗಳು ಬಂದಿವೆ. ಅಡಕೆಯ ತೋಟ, ಮೆಕ್ಕೆಜೋಳದ ಹೊಲ, ಅಗಲಗೊಂಡ ರಸ್ತೆ, ಇವುಗಳ ನಡುವೆ ದಿಮ್ಮಿಗೆ ಬಾರದ ಮುತ್ತುಗಕ್ಕೆ ಎಡೆಯೆಲ್ಲಿ?

ಇಲ್ಲಿ ದಾನಿಗಳಲ್ಲಿ ಒಂದು ವಿಜ್ಞಾಪನೆ. ಶಾಲೆಯ ಹಿಂಬದಿಯಲ್ಲಿ ತಮ್ಮ ಔದಾರ್ಯದಿಂದ ಏಳಲಿರುವ ಹೊಸ ಕೊಠಡಿಗಳ ನಕ್ಷೆಯನ್ನು ನೋಡಿದ್ದೇನೆ. ಅಲ್ಲಿರುವ ನಾಲ್ಕು ಮುತ್ತುಗದ ಮರಗಳೂ ಅದರ ಅಡಿಪಾಯಕ್ಕೆ ಸಿಕ್ಕುತ್ತವೆ. ಕಟ್ಟಡವನ್ನು ಇಪ್ಪತ್ತು ಅಡಿ ತೆಂಕಕ್ಕೆ ಸರಿಸಿದರೆ ಮೂರು ಉಳಿಯುತ್ತವೆಂದು ಮೇಸ್ತ್ರಿಯವರೇ ಅಳೆದು ಹೇಳಿದ್ದಾರೆ. ಆಟದ ಬಯಲು ಅಷ್ಟರಮಟ್ಟಿಗೆ ಕಿರಿದಾಗುವುದೆಂದು ವ್ಯಾಯಾಮ ಶಿಕ್ಷಕರ ಆಕ್ಷೇಪವಿದೆ. ಅದು ನ್ಯಾಯವಾದ ಆಕ್ಷೇಪ. ಆದರೂ ಕೊಠಡಿಯೊಳಗೆ ಕಿಂಶುಕವೆಂಬ ಪದವನ್ನು ಕಲಿಸಿ, ಕಿಟಕಿಯ ಹೊರಗೆ ತೋರಿಸಲು ಏನೂ ಇಲ್ಲದಂತಾಗುವುದು ನನಗೆ ಸಮ್ಮತವಲ್ಲ. ಆಡಳಿತ ಮಂಡಳಿಯು ಇನ್ನೂ ತೀರ್ಮಾನಿಸಿಲ್ಲ.

ಶಿಕಾರಿಪುರದ ಸೀಮೆ ಬಣ್ಣದ್ದಾದರೆ ಸೊರಬದ್ದು ಕಂಪಿನ ಸೀಮೆ. ಸೊರಬವೆಂಬ ಹೆಸರನ್ನು ಸುರಭಿಯೆಂಬ ಕಾಮಧೇನುವಿನ ಕಥೆಯೊಡನೆ ಕೂಡಿಸುತ್ತಾರೆ. ಸುರಭಿಯೆಂದರೆ ಸುಗಂಧವೆಂದೂ ಅರ್ಥ. ಅಮರಕೋಶದಲ್ಲಿ ವಸಂತಕ್ಕೂ ಅದೇ ಹೆಸರು. ಹಸುವಿನ ಕಥೆಯನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಮನಸ್ಸು ಮಾತ್ರ ಅಮರಸಿಂಹನ ಕಡೆಗೆ ವಾಲುತ್ತದೆ. ಅಲ್ಲಿಯ ಕಾನುಗಳನ್ನು ಕುರಿತು 1868ರಲ್ಲಿ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ವರದಿ ಬರೆದಾಗ ಆ ತಾಲ್ಲೂಕೊಂದರಲ್ಲೇ 171 ಕಾನುಗಳನ್ನು ಎಣಿಸಿದ್ದರು. ಇಂದು ಉಳಿದಿರುವ ಕಾನುಗಳಲ್ಲಿ ಮುತ್ತುಗವು ಹೂವಾಗುವ ದಿನಗಳಲ್ಲೇ ಸುರಗಿಯೂ ಅರಳುತ್ತದೆ. ಬಿಳಿಯ ದಳ, ನಡುವೆ ಹಳದಿ ಕೇಸರ; ಎಲೆಗಳ ಮರೆಯಲ್ಲಿ ಕೊಂಬೆಗೇ ಅಂಟಿಕೊಂಡು ಬಿಡುವುದರಿಂದ ಕಣ್ಣಿಗೆ ಬೀಳುವುದು ಕಷ್ಟ. ಮರ ಕಾಣುವ ಮೊದಲೇ ಕಂಪು ಬರುತ್ತದೆ. ಮಾಲೆ ಕಟ್ಟಿ ಒಣಗಿಸಿಟ್ಟರೂ ಪರಿಮಳ ಮಾಸುವುದಿಲ್ಲ. ನನ್ನ ತಾಯಿಯ ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಒಂದು ಸರ ಸದಾ ಇರುತ್ತಿತ್ತು. 941ರಲ್ಲಿ ವಿಕ್ರಮಾರ್ಜುನ ವಿಜಯವನ್ನು ರಚಿಸಿದ ಪಂಪನು ಇಲ್ಲಿಗೆ ಅನತಿದೂರದ ಬನವಾಸಿಯ ನಂದನದಲ್ಲಿ ದುಂಬಿಯಾಗಿಯೋ ಕೋಗಿಲೆಯಾಗಿಯೋ ಹುಟ್ಟಬೇಕೆಂದು ಹಂಬಲಿಸಿದುದು ಉತ್ಪ್ರೇಕ್ಷೆಯೆಂದು ಈ ಕಾನುಗಳಲ್ಲಿ ಒಮ್ಮೆ ಅಲೆದವರು ಹೇಳಲಾರರು.

ಹಳೆಯ ವಿದ್ಯಾರ್ಥಿಗಳು ಹೂವನ್ನು ನೋಡಲೆಂದು ಬರುವುದಾದರೆ ಶಿವರಾತ್ರಿಗೆ ಒಂದೆರಡು ದಿನ ಮುಂಚೆ ಬರಲಿ. ಬೆಳಗಿನ ಎಂಟು ಗಂಟೆಯೊಳಗೆ ಹಕ್ಕಿಗಳ ಸಂಭ್ರಮ ಹೆಚ್ಚು. ಅಕ್ಕಮಹಾದೇವಿಯ ಉಡುತಡಿಯನ್ನೂ, ಅಲ್ಲಮನ ಬಳ್ಳಿಗಾವೆಯನ್ನೂ, ತಾಳಗುಂದದ ಪ್ರಣವೇಶ್ವರನನ್ನೂ ಸಂದರ್ಶಿಸಿ ಮಧ್ಯಾಹ್ನದ ಮೇಲೆ ಸೊರಬಕ್ಕೆ ಹೋಗಬಹುದು. ತಾಳಗುಂದದ ಸ್ತಂಭಶಾಸನದಲ್ಲಿ ಕದಂಬರಿಗೆ ಹೆಸರು ಕೊಟ್ಟ ಕದಂಬವೃಕ್ಷದ ಪ್ರಸ್ತಾಪವಿದೆ. ಆದರೆ ಆ ಹೂವಿಗಾಗಿ ಮಳೆಗಾಲದಲ್ಲಿ ಮತ್ತೊಮ್ಮೆ ಬರಬೇಕಾಗುವುದು. ಬುತ್ತಿಯನ್ನು ತರುವುದು ಬೇಡ. ಊಟದ ವ್ಯವಸ್ಥೆ ನಮ್ಮಲ್ಲಿದೆ. ಎಲೆ ಮಾತ್ರ ಮುತ್ತುಗದ್ದೇ ಇರುತ್ತದೆ. ಆ ಹುಡುಗಿಯ ತಾಯಿಗೆ ಈಗಾಗಲೇ ಹೇಳಿಟ್ಟಿದ್ದೇನೆ.