ಏರಿಗೆ ಎಷ್ಟು ಗ್ರಾಂ?

ಗೇರ್ ಇಲ್ಲದ ಸ್ಕೂಟರ್‌ಗೂ ಗೇರ್ ಇರುತ್ತೆ, ಕಾಣಿಸಲ್ಲ ಅಷ್ಟೆ. ಸಿವಿಟಿ ಕವರ್ ಬಿಚ್ಚಿದ್ರೆ ಮುಂದಿನ ಪುಲ್ಲಿಯೊಳಗೆ ಪುಟಾಣಿ ರೋಲರ್‌ಗಳು. ಇಂಜಿನ್ ಜೋರಾದಂತೆ ಅವು ಹೊರಕ್ಕೆ ಸರಿದು ಪುಲ್ಲಿಯ ಒಂದು ಮುಖವನ್ನು ತಳ್ಳುತ್ತವೆ, ಬೆಲ್ಟ್ ಮೇಲೇರುತ್ತೆ, ರೇಶಿಯೋ ಬದಲಾಗುತ್ತೆ. ರೋಲರ್ ಭಾರ ಇದ್ರೆ ಕಡಿಮೆ ಆರ್‌ಪಿಎಂನಲ್ಲೇ ಟಾಪ್ ಗೇರ್ ಕಡೆ ಓಡುತ್ತೆ. ಬಯಲಲ್ಲಿ ಮೈಲೇಜ್ ಚೆನ್ನಾಗಿರುತ್ತೆ. ಏರಲ್ಲಿ ಉಸಿರು ಕಟ್ಟುತ್ತೆ.

ನಮ್ಮ ಗೆಳೆಯನ ಊರು ಹನೂರು ತಾಲ್ಲೂಕಿನ ಮಾರ್ಟಳ್ಳಿ. ಅವರಪ್ಪ ಅಮ್ಮನನ್ನು ಕೂರಿಸ್ಕೊಂಡು ಮಾದಪ್ಪನ ಬೆಟ್ಟಕ್ಕೆ ಹೊರಟ್ರೆ, ತಾಳುಬೆಟ್ಟದಿಂದ ಮೇಲೆ ಕಡಿದಾದ ತಿರುವುಗಳಲ್ಲಿ ಅಮ್ಮ ಇಳಿದು ನಡೀಬೇಕಿತ್ತು. ಮಂಡಿನೋವು ಬೇರೆ. ಹೊಸ ಗಾಡಿ ತಗೊಳ್ಳಿ ಅಂತ ಎಲ್ರೂ ಹೇಳೋರೇ. ಸಲಹೆಗೇನು, ಇಎಂಐ ಇಲ್ವಲ್ಲ.

ರಜೆಯಲ್ಲಿ ಹೋದಾಗ ನಾವು ಮೊದಲು ಬೆಲ್ಟ್ ಅಗಲ ಅಳೆದ್ವಿ. ಸವೆದಿರಲಿಲ್ಲ. ಆಮೇಲೆ ಲೆಕ್ಕ: ರೋಲರ್ ತಳ್ಳೋ ಬಲ ಅಂದ್ರೆ ಅದೇ ಎಂ ಆರ್ ಒಮೇಗಾ ಸ್ಕ್ವೇರ್. ತೂಕ ಶೇ. 20 ಇಳಿಸಿದ್ರೆ, ಅಷ್ಟೇ ಬಲಕ್ಕೆ ಆರ್‌ಪಿಎಂ ಶೇ. 12ರಷ್ಟು ಏರಬೇಕು. 20 ಅಲ್ಲ, 12, ವರ್ಗಮೂಲದ ಮಹಿಮೆ. ಏರಿಗೆ ಬೇಕಾದ ಪವರ್ ಇಂಜಿನ್‌ಗೆ ಸಿಗೋದೂ ಆ ಮೇಲಿನ ಆರ್‌ಪಿಎಂನಲ್ಲೇ. ಕ್ಲಚ್ ಸ್ಪ್ರಿಂಗ್ ಮುಟ್ಟಲಿಲ್ಲ. ಗಾಡಿ ಹೊರಡುವಾಗ ಕ್ಲಚ್ ಯಾವಾಗ ಹಿಡೀಬೇಕು ಅನ್ನೋದಷ್ಟೇ ಅದರ ಕೆಲಸ. ರೋಲರ್ ಮಾತ್ರ ಹಗುರದ್ದು ಹಾಕಿದ್ವಿ.

ಈಗ ಅಮ್ಮ ಇಳಿಯಲ್ಲ. ಆದ್ರೆ ಕೊಳ್ಳೇಗಾಲದ ಕಡೆ ನೇರ ರಸ್ತೆಯಲ್ಲಿ ಇಂಜಿನ್ ಅರಚುತ್ತೆ, ಪೆಟ್ರೋಲೂ ಜಾಸ್ತಿ ಕುಡಿಯುತ್ತೆ. ಹಳೇ ರೋಲರ್‌ಗಳನ್ನ ಅಪ್ಪ ಎಸೆದಿಲ್ಲ, ಡಬ್ಬಿಗೆ ಹಾಕಿ ಇಟ್ಕೊಂಡಿದ್ದಾರೆ.