ಮರದ ಕತ್ತಿಗೆ ಉಕ್ಕಿನ ಮೈ!

ಗೆಳೆಯರೇ, 1977ರ ‘ಬಭ್ರುವಾಹನ’ದಲ್ಲಿ ಅಣ್ಣಾವ್ರು ಎರಡು ಪಾತ್ರದಲ್ಲಿ ಎದುರುಬದುರಾದಾಗ ನಾವು ಹಾಕಿದ ಶಿಳ್ಳೆಗೆ ಲೆಕ್ಕ ಉಂಟೇ? ಅಂಥ ಪೌರಾಣಿಕಗಳ ಗದೆ, ಕತ್ತಿಗಳ ಗುಟ್ಟು ಹುಡುಕಿ ನಾನು ಹೋದದ್ದು ಚೆನ್ನೈನ ವಡಪಳನಿಗೆ. ದಶಕಗಟ್ಟಲೆ ಕನ್ನಡ ಚಿತ್ರಗಳೂ ಮದರಾಸಿನಲ್ಲೇ ತಯಾರಾಗುತ್ತಿದ್ದವಲ್ಲ! ಹಳೆಯ ವಿಜಯಾ-ವಾಹಿನಿ ಸ್ಟುಡಿಯೋ ಜಾಗದಲ್ಲಿ 2013ರಿಂದ ಮಾಲ್ ನಿಂತಿದೆ. ಆದರೆ ಗಲ್ಲಿಯೊಂದರ ಶೆಡ್ಡಿನಲ್ಲಿ ಮರ ಇನ್ನೂ ಉಕ್ಕಾಗುತ್ತಿದೆ.

ಹೇಗೆ ಅಂತೀರಾ? ಮೊದಲು ಪ್ರೈಮರ್ ಬಳಿದು, ಉಜ್ಜುಕಾಗದ ಹಿಡಿದು ತಿಕ್ಕಬೇಕು. ಮರದ ಒಂದೇ ಒಂದು ಎಳೆ ಉಳಿದರೂ ಕ್ಯಾಮೆರಾ ಹಿಡಿದುಬಿಡುತ್ತೆ. ಆಮೇಲೆ ಬೆಳ್ಳಿ ಬಣ್ಣವಲ್ಲ, ಕಪ್ಪು! ಅದು ಒಣಗಿದ ಮೇಲೆ ಬಟ್ಟೆಯಿಂದ ಗ್ರಾಫೈಟ್ ಪುಡಿ ಉಜ್ಜುತ್ತಾರೆ. ಅಲಗಿನ ಅಂಚಿಗೆ ಮಾತ್ರ ಅಲ್ಯುಮಿನಿಯಂ ಬಣ್ಣ. ಅದೂ ಚಿಂದಿಗೆ ಒರೆಸಿದ ಒಣ ಕುಂಚದಲ್ಲಿ. ಹಿಡಿಯ ಸಂದಿಗೆ ತುಕ್ಕಿನ ಕಂದು. ನಿಜವಾದ ಉಕ್ಕು ಸವೆದ ಕಡೆ ಹೊಳೆಯುತ್ತೆ, ಸಂದಿಯಲ್ಲಿ ಕಪ್ಪಗಿರುತ್ತೆ. ಮೈತುಂಬ ಬೆಳ್ಳಿ ಬಳಿದರೆ ಅದು ಬಿಸ್ಕತ್ ಡಬ್ಬಿಯೇ ಸರಿ!

ಕತ್ತಿ ಹಗುರಾದ್ದರಿಂದಲೇ ಸ್ಟಂಟ್ ಹುಡುಗನ ಪಕ್ಕೆಲುಬು ಉಳಿಯುತ್ತೆ. ಕತ್ತಿ ಬಾಡಿಗೆಗೆ ಹೋಗುತ್ತೆ, ತೆರೆ ಮೇಲೆ ಮಿಂಚುತ್ತೆ. ಮಾಡಿದವನ ಹೆಸರು ಮಾತ್ರ ಟೈಟಲ್ ಕಾರ್ಡಿಗೆ ಬರೋದು ಅಪರೂಪ. ಮುಂದಿನ ಶಿಳ್ಳೆಯಲ್ಲಿ ಅರ್ಧ ಅವನಿಗಿರಲಿ!