ಅಗ್ನಿಶಿಖೆಯ ಬೀಜಗಳು

ಸಂಚಿಕೆಯ ಮಂಡಳಿಯ ಬಾಲಿಕೆಯರು ನಮ್ಮ ಬಳಿಗೆ ಬಂದು, “ಈ ಸಾರಿ ವರದಿ ಬೇಡ ಟೀಚರಮ್ಮ, ತಮ್ಮ ತೋಟದ ಸಂಗತಿ ಬರೆದುಕೊಡಿ” ಎಂದು ಕೇಳಿದರು. ನಮ್ಮ ಮನೆಯ ಹಿಂದಿರುವುದು ತೋಟವೆನ್ನುವಷ್ಟು ದೊಡ್ಡದಲ್ಲ. ಬಾವಿಕಟ್ಟೆಗೂ ಆವರಣದ ಗೋಡೆಗೂ ನಡುವೆ ನಾಲ್ಕು ಮಾರು ನೆಲ. ಅದರಲ್ಲಿ ಎರಡು ಬಾಳೆ, ಒಂದು ಕರಿಬೇವು, ಕೆಲವು ಕುಂಡಗಳು. ಆದರೂ ಅಲ್ಲಿ ಬೀಜದಿಂದ ಬೆಳೆದ ಒಂದು ಬಳ್ಳಿಯ ವಿಷಯವಾಗಿ ಹೇಳತಕ್ಕದ್ದು ಸ್ವಲ್ಪ ಉಂಟು. ಹೇಳಹೊರಟರೆ ಅದರಲ್ಲಿ ನಮ್ಮ ತಪ್ಪುಗಳೇ ಹೆಚ್ಚಾಗಿ ಬರುವುವು.

2021ನೆಯ ಇಸವಿಯ ಡಿಸೆಂಬರ್ ತಿಂಗಳಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ರಜೆಗೆ ಊರಿಗೆ ಹೋಗಿ ಬಂದವಳು, ನೋಟುಪುಸ್ತಕದ ಹಾಳೆಯಲ್ಲಿ ಸುತ್ತಿದ ಒಣಗಿದ ಕಾಯೊಂದನ್ನು ನಮ್ಮ ಮೇಜಿನ ಮೇಲಿಟ್ಟಳು. ಕಾಯಿ ಮೂರು ಹೋಳಾಗಿ ಬಿರಿದಿತ್ತು. ಒಳಗೆ ದಾಳಿಂಬೆಯ ಕಾಳಿನಂತೆ ಕೆಂಪಗೆ ಬೀಜಗಳು. ಆಕೆ ಮಲೆನಾಡಿನ ಕಡೆಯವಳು. ಹತ್ತು ಸಾಲನ್ನು ತಪ್ಪಿಲ್ಲದೆ ಬರೆಯಲಾರದವಳೆಂದು ಉಪಾಧ್ಯಾಯಿನಿಯರ ಕೊಠಡಿಯಲ್ಲಿ ಆಕೆಯ ಮಾತು ಆಗಾಗ ಬರುತ್ತಿತ್ತು. ಆಡಿದವರಲ್ಲಿ ನಾವೂ ಒಬ್ಬರು. “ಅಜ್ಜಿಯ ಮನೆಯ ಬೇಲಿಯದು, ಗೌರಿ ಹೂ,” ಎಂದಳು. “ಮಳೆ ಬಂದ ಮೇಲೆ ಹಾಕಬೇಕು. ಗಡ್ಡೆ ಬಲು ಇಸ, ಟೀಚರಮ್ಮ. ಅಜ್ಜಿ ಅದನ್ನು ಮನೆಯೊಳಗೆ ತರಗೊಡುವುದಿಲ್ಲ.” ನಾವು “ಇಸವಲ್ಲ, ವಿಷ ಎನ್ನಬೇಕು” ಎಂದು ಉಚ್ಚಾರವನ್ನು ತಿದ್ದಿ, ಆಕೆಯಿಂದ ಎರಡು ಸಾರಿ ಹೇಳಿಸಿ ಕಳುಹಿಸಿದೆವು.

ಇದು ಅಗ್ನಿಶಿಖೆ. ಗಡ್ಡೆಯು ನೇಗಿಲಿನಂತೆ ಬಾಗಿರುವುದರಿಂದ ಸಂಸ್ಕೃತದಲ್ಲಿ ಲಾಂಗಲೀ ಎಂದೂ ಹೆಸರುಂಟು. ಲಿನ್ನೇಯಸ್ ಪಂಡಿತನು 1753ರಲ್ಲಿ ಇದಕ್ಕೆ ಗ್ಲೋರಿಯೋಸಾ ಸುಪರ್ಬಾ ಎಂದು ನಾಮಕರಣ ಮಾಡಿದನು; ಎರಡು ಶಬ್ದಗಳೂ ವೈಭವವನ್ನೇ ಹೇಳುವುವು. ನಮ್ಮ ನೆರೆಯ ತಮಿಳುನಾಡಿಗೆ ಇದು ರಾಜ್ಯಪುಷ್ಪ, ಆಫ್ರಿಕದ ಜಿಂಬಾಬ್ವೆಗೆ ರಾಷ್ಟ್ರಪುಷ್ಪ. ಆ ದೇಶವು ದಕ್ಷಿಣ ರೊಡೇಶಿಯಾ ಎನಿಸಿಕೊಂಡಿದ್ದಾಗ, 1947ರಲ್ಲಿ, ಅಲ್ಲಿಯ ಶಾಲೆಯ ಮಕ್ಕಳು ಚಿಲ್ಲರೆ ಕಾಸು ಕೂಡಿಸಿ, ರಾಜಕುಮಾರಿ ಎಲಿಜಬೆತ್‌ಳ 21ನೆಯ ಹುಟ್ಟುಹಬ್ಬಕ್ಕೆ ಈ ಹೂವಿನ ಆಕಾರದ ವಜ್ರದ ಪದಕವನ್ನು ಕೊಟ್ಟರು. ನಮ್ಮ ಬಾಲ್ಯದಲ್ಲಿ ಬೇಲಿ ಬೇಲಿಯಲ್ಲಿಯೂ ಇದನ್ನು ಕಾಣುತ್ತಿದ್ದೆವು. ಈಗ ಬೇಲಿ ಹೋಗಿ ತಂತಿ ಬಂದಿದೆ. ಔಷಧಕ್ಕೆಂದು ಗಡ್ಡೆ ಅಗೆದೊಯ್ದವರು ಮರಳಿ ನೆಟ್ಟದ್ದಿಲ್ಲ. ನಮ್ಮ ಊರ ಸುತ್ತಿನಲ್ಲಂತೂ ಹುಡುಕಿದರೂ ಸಿಕ್ಕದು.

ಮಳೆಗಾಲದವರೆಗೆ ಕಾಯುವ ತಾಳ್ಮೆ ನಮಗಿರಲಿಲ್ಲ. ಆ ವಾರವೇ ಮರಳು, ಕೆಂಪುಮಣ್ಣು, ಎಲೆಗೊಬ್ಬರ ಬೆರಸಿ, ಇಪ್ಪತ್ತು ಬೀಜಗಳನ್ನು ಕುಂಡದಲ್ಲಿ ಬಿತ್ತಿ ದಿನವೂ ನೀರೆರೆದೆವು. ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ಮಣ್ಣಿನ ಮೇಲೆ ಪಾಚಿಯಲ್ಲದೆ ಬೇರೇನೂ ಏಳಲಿಲ್ಲ. ಕಡ್ಡಿಯಿಂದ ಕೆದಕಿ ನೋಡಿದೆವು. ಕೆಲವು ಬೀಜ ಕೊಳೆತಿದ್ದವು, ಕೆಲವು ಇಟ್ಟಂತೆಯೇ ಇದ್ದವು. ಈ ಜಾತಿಯ ಬೀಜವು ಕಾಯಿ ಬಿರಿದ ಮೇಲೆಯೂ ಹಲವು ತಿಂಗಳು ನಿದ್ರಿಸುವುದೆಂದು ಪುಸ್ತಕ ತೆರೆದು ಓದಿದ್ದು ಅನಂತರ. ಬಿ.ಎಡ್. ತರಗತಿಯಲ್ಲಿ ಬೀಜದ ಸುಪ್ತಾವಸ್ಥೆಯ ಮೇಲೆ ನಾವೇ ಮಾದರಿ ಪಾಠವೊಂದನ್ನು ಮಾಡಿ ಮೆಚ್ಚುಗೆ ಪಡೆದಿದ್ದೆವು! ಬೇಸರದಿಂದ ಕುಂಡವನ್ನು ಗೋಡೆಯ ಮೂಲೆಗೆ ತಳ್ಳಿಬಿಟ್ಟೆವು. ಜೂನ್ ತಿಂಗಳ ಎರಡನೆಯ ವಾರ, ಮಳೆ ಹಿಡಿದ ಮೇಲೆ, ಅದರಲ್ಲಿ ಹುಲ್ಲಿನ ಎಸಳಿನಂಥ ಮೂರು ಮೊಳಕೆಗಳನ್ನು ಕಂಡೆವು. ಒಂದನ್ನು ಬಸವನಹುಳು ತಿಂದಿತು.

ಉಳಿದೆರಡು ಮೊದಲ ವರ್ಷ ಗೇಣುದ್ದವೂ ಬೆಳೆಯದೆ ಚಳಿಗಾಲಕ್ಕೆ ಒಣಗಿದವು. ಸತ್ತವೆಂದು ತಿಳಿಯಬಾರದು, ನೆಲದೊಳಗೆ ಕಿರಿದಾದ ಗಡ್ಡೆ ಕಟ್ಟಿರುವುದು, ಆಗ ನೀರು ಕೊಟ್ಟರೆ ಕೊಳೆಯುವುದು. ಎರಡನೆಯ ವರ್ಷ ಮೊಳದುದ್ದ. ಮೂರನೆಯ ವರ್ಷ ಎಲೆಯ ತುದಿಗಳೇ ಬಳ್ಳಿಕುಡಿಗಳಾಗಿ ಸುರುಳಿ ಸುತ್ತಿ ಕರಿಬೇವಿನ ಕೊಂಬೆಯನ್ನು ಹಿಡಿದವು, ಆದರೂ ಹೂವಿಲ್ಲ.

2025ರ ಜನವರಿಯಲ್ಲಿ ಕುಂಡ ಬದಲಿಸಲೆಂದು ಗಡ್ಡೆಗಳನ್ನು ತೆಗೆದೆವು. ಹೆಬ್ಬೆರಳಿನ ದಪ್ಪ, ಎರಡು ಕವಲು; ಕವಲಿನ ತುದಿಯಲ್ಲಿಯೇ ಮೊಳಕೆಯ ಕಣ್ಣು ಇರುವುದರಿಂದ ತುದಿ ಮುರಿದರೆ ಕೆಟ್ಟಿತು. ಅವು ಮುರಿಯಬಾರದೆಂದು ಜೋಪಾನವಾಗಿ ಒಂದು ಬುಟ್ಟಿಯಲ್ಲಿಟ್ಟೆವು. ಆ ಬುಟ್ಟಿಯನ್ನು ಅಡಿಗೆಮನೆಯ ಕಿಟಕಿಯ ಬಳಿ ಇಟ್ಟು ಶಾಲೆಗೆ ನಡೆದೆವು.

ಅದು ಗೆಣಸಿನ ಕಾಲ. ಸಾಯಂಕಾಲ ಬಂದು ನೀರು ಕುಡಿಯಲು ಒಳಗೆ ಹೋದಾಗ, ಒಲೆಯ ಮೇಲೆ ನೀರು ಕುದಿಯುತ್ತಿತ್ತು. ನಮ್ಮ ತಾಯಿಯವರು ತೊಳೆದಿಟ್ಟ ಗೆಣಸುಗಳ ನಡುವೆ ಆ ಎರಡು ಕವಲು ಗಡ್ಡೆಗಳೂ ಇದ್ದವು. ತಾಯಿಯವರಿಗೆ ಕಣ್ಣು ಮಂದ. ಅಗ್ನಿಶಿಖೆಯ ಗಡ್ಡೆಯಲ್ಲಿಯೂ ಬೀಜದಲ್ಲಿಯೂ ಇರುವ ಕೋಲ್ಚಿಸಿನ್ ಎಂಬ ವಸ್ತುವನ್ನು ವೈದ್ಯರು ಸಂಧಿವಾತದ ಔಷಧಿಯಾಗಿ ಅತಿ ಸ್ವಲ್ಪ ಪ್ರಮಾಣದಲ್ಲಿ ಕೊಡುವರು. ಗಡ್ಡೆಯನ್ನೇ ತಿಂದವರು ಬದುಕುವುದು ಕಷ್ಟ, ಬೇಯಿಸಿದರೂ ವಿಷ ಹೋಗದು. ನಮ್ಮ ಕೈಕಾಲು ನಡುಗಿದ್ದನ್ನು ಬಚ್ಚಿಡುವುದೇಕೆ? ಗೆಣಸನ್ನೆಲ್ಲ ಹೊರಗೆ ಚೆಲ್ಲಿ, ಪಾತ್ರೆ ತೊಳೆದು, ಗಡ್ಡೆಗಳನ್ನು ಬೆಂಕಿಗೆ ಹಾಕಹೊರಟೆವು. ತಾಯಿಯವರು ನಡೆದದ್ದನ್ನು ಕೇಳಿ ತಿಳಿದು, “ನೆಗಡಿಯಾಯಿತೆಂದು ಮೂಗು ಕೊಯ್ಯುವರೇ? ಅದರ ಜಾಗದಲ್ಲಿ ಅದನ್ನಿಡು” ಎಂದರು. ಸ್ವಲ್ಪ ಹೊತ್ತಿನ ಮೇಲೆ, “ಬೀಜ ಕೊಟ್ಟ ಆ ಮಗು ನಿನಗೆ ಏನೂ ಹೇಳಿರಲಿಲ್ಲವೇ?” ಎಂದು ಕೇಳಿದರು.

ನಾವು ಉತ್ತರ ಕೊಡಲಿಲ್ಲ. ಆದರೆ ಆ ರಾತ್ರಿ ಆಕೆಗೆ ಕಾಗದ ಬರೆದೆವು. ಆಗ ಆಕೆ ಹತ್ತನೆಯ ತರಗತಿ ಮುಗಿಸಿ, ತನ್ನ ಊರ ಬಳಿಯ ಕಾಲೇಜಿಗೆ ಸೇರಿಯಾಗಿತ್ತು.

ಆಗಸ್ಟ್ ತಿಂಗಳಲ್ಲಿ ಬಳ್ಳಿ ಹೂಬಿಟ್ಟಿತು. ಮೊದಲ ದಿನ ಆರು ಎಸಳುಗಳೂ ಹಸುರು. ಆಮೇಲೆ ಬುಡದಿಂದ ಹಳದಿ ಏರಿ, ಅಂಚು ನಿರಿಗೆ ನಿರಿಗೆಯಾಗಿ ಹಿಂದಕ್ಕೆ ಬಾಗಿ, ವಾರದೊಳಗೆ ಹೂವೆಲ್ಲ ಕೆಂಡವಾಯಿತು. ಶಲಾಕೆಯು ಕೇಸರಗಳಿಂದ ದೂರಕ್ಕೆ ಅಡ್ಡಲಾಗಿ ಮುರಿದಿಟ್ಟಂತೆ ಚಾಚಿಕೊಂಡಿರುವುದರಿಂದ ಹೂವು ತಾನಾಗಿ ಕಾಯಿಕಟ್ಟುವುದು ಕಷ್ಟ. ಆ ಹುಡುಗಿ ನಮ್ಮ ಕಾಗದ ಕಂಡು ಒಂದು ಭಾನುವಾರ ಬಂದಳು. ಬಣ್ಣ ಹಚ್ಚುವ ಕುಂಚವನ್ನು ಆಕೆಯ ಕೈಗೆ ಕೊಟ್ಟೆವು. ಒಂದು ಬಳ್ಳಿಯ ಪರಾಗವನ್ನು ಮತ್ತೊಂದರ ಹೂವಿಗೆ ಮುಟ್ಟಿಸಿದಳು. “ಅಜ್ಜಿಯ ಬೇಲಿ ಹೋಯಿತು, ಟೀಚರಮ್ಮ. ರಸ್ತೆ ಅಗಲ ಮಾಡಿದರು. ಅಲ್ಲಿ ಈಗ ಒಂದೂ ಇಲ್ಲ” ಎಂದಳು. ಇಸ ಎಂದಳೋ ವಿಷ ಎಂದಳೋ, ಈ ಸಾರಿ ನಾವು ಗಮನಿಸಲಿಲ್ಲ. ಗಡ್ಡೆಯನ್ನು ಅಜ್ಜಿ ಎಲ್ಲಿಡುತ್ತಿದ್ದರೆಂದು ಕೇಳಿ ಬರೆದುಕೊಂಡೆವು. ಕೊಟ್ಟಿಗೆಯ ಸೂರಿನಲ್ಲಿ, ಕೈಗೆಟಕದ ಎತ್ತರದಲ್ಲಿ, ಹುಲ್ಲು ಸುತ್ತಿ.

ಇದನ್ನು ಬರೆಯುವಾಗ ಬಳ್ಳಿಯಲ್ಲಿ ಎರಡು ಕಾಯಿಗಳಿವೆ, ಇನ್ನೂ ಹಸುರು. ಬಲಿತ ಮೇಲೆ ಒಂದು ಆಕೆಗೆ ಹೋಗತಕ್ಕದ್ದು. ಮಳೆ ಬರುವವರೆಗೆ ಬಿತ್ತಕೂಡದೆಂದು ಹೋಗುವಾಗ ಮತ್ತೊಮ್ಮೆ ಹೇಳಿದ್ದಾಳೆ.